ರಸ್ತೆಯಲ್ಲಿ ಮಣೆ ಹಾಕಿದ ಅತ್ತೆ

ನನ್ನ ಮನೆಯ ರಜಿಸ್ಟ್ರಿಗೆ ತಗುಲಿದ ನಿಜವಾದ ಖರ್ಚು ಹೇಳಲೇ? ಮೂರು ದಿನ ಅಂಗಡಿ ಬಂದ್, ಸೈದಾಪುರಕ್ಕೆ ಎರಡು ಸಲ ಓಡಾಟ, ಮತ್ತು ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ. ಕಾರಣ? ನನ್ನ ಸೋದರತ್ತೆ ಒಳಗೆ ಬಂದು ಒಂದು ಕಪ್ ಚಹಾ ಕುಡಿಯಲಿಲ್ಲ!

ಶಹಾಪುರದ ನಮ್ಮ ಓಣಿಯಲ್ಲಿ ಮನೆ ಮಾರಾಟವೆಂದರೆ ಬಾಂಡ್ ಪೇಪರು, ಇಬ್ಬರು ಸಾಕ್ಷಿ, ಒಂದು ಹೆಬ್ಬೆಟ್ಟು. ನಾನೂ ಹಾಗೇ ಎರಡು ಕೋಣೆಯ ಮನೆ ಕೊಂಡು, ರಜಿಸ್ಟ್ರಿ ಖರ್ಚು ಉಳಿಸಿದೆನೆಂದು ಮೀಸೆ ತಿರುವಿದ್ದೆ.

ಅತ್ತೆಯ ಹುಚ್ಚೇ ಬೇರೆ. ಸಾವಿನ ಮನೆಗೆ ಮಾತಾಡಿಸಲು ಹೋದವರೆಲ್ಲ ಹೇಗಾಯಿತೆಂದು ಕೇಳಿದರೆ, ಈಕೆ ಉತಾರ ಯಾರ ಹೆಸರಿಗಿದೆ ಎಂದು ಕೇಳುವಳು. ಉತಾರವೆಂದರೆ ಮನೆ ಯಾರದೆಂದು ನಗರಸಭೆ ಕೊಡುವ ಕಾಗದ. ಅಳುತ್ತಿದ್ದವರು ಅಳು ನಿಲ್ಲಿಸಿ ಟ್ರಂಕು ಹುಡುಕಬೇಕು!

ನಮ್ಮ ಗೃಹಪ್ರವೇಶಕ್ಕೆ ಬಗಲಲ್ಲಿ ಮಣೆ ಹಿಡಿದು ಬಂದಳು. ಬಾಗಿಲೆದುರು ರಸ್ತೆಯಲ್ಲೇ ಹಾಕಿ ಕುಳಿತಳು.

"ಒಳಗ ಬಾ ಅತ್ತಿ, ಮಂದಿ ನೋಡಾಕತ್ತಾರ."

"ಮಂದಿ ಮನಿಗೆ ನೀ ಕರದ್ರ ನಾ ಹೆಂಗ ಬರ್ಲಿ ಅಳಿಯಾ? ಈ ರಸ್ತೆ ನಗರಸಭೆದು. ಅದಕ್ಕರ ಕಾಗದ ಐತಿ."

ಹೋಳಿಗೆಯನ್ನೂ ಅಲ್ಲೇ ತಿಂದಳು. ತುಪ್ಪ ಸಾಲದೆಂದು ಅಲ್ಲಿಂದಲೇ ಕೂಗಿದಳು. ಆಮೇಲೆ ಪ್ರತಿ ಶುಕ್ರವಾರ ಅದೇ ಮಣೆ, ಅದೇ ಜಾಗ. ಗ್ಯಾಸ್ ತರುವವನಿಗೆ ನನ್ನ ವಿಳಾಸವೇ 'ಮಣೆ ಹಾಕಿದ ಅಜ್ಜಿ ಎದುರಿನ ಮನೆ' ಎಂದಾಯಿತು!

ಕೊನೆಗೆ ಸೋತೆ. ನನಗೆ ಮನೆ ಮಾರಿದ ಅಜ್ಜ ಸೈದಾಪುರದಲ್ಲಿ ಮಗಳ ಮನೆಯಲ್ಲಿದ್ದರು. ಮೊದಲ ಸಲ ಹೋದಾಗ ಮೊಣಕಾಲು ನೋವೆಂದರು. ಎರಡನೆಯ ಸಲ ಕಾರನ್ನೇ ಒಯ್ದು ಕೂರಿಸಿಕೊಂಡು ಬಂದೆ. ರಜಿಸ್ಟ್ರಿ ಆಯಿತು, ಅತ್ತೆಯ ಹಟಕ್ಕೆ ಹೆಂಡತಿಯ ಹೆಸರೂ ಸೇರಿತು. ಎರಡೇ ತಿಂಗಳಲ್ಲಿ ಅಜ್ಜ ತೀರಿಕೊಂಡರು. ಅವರಿಂದಲೇ ಬಾಂಡಿನ ಮೇಲೆ ಪಕ್ಕದ ಮನೆ ಕೊಂಡವನು ಈಗ ಅವರ ನಾಲ್ಕು ಮಕ್ಕಳ ಸಹಿಗಾಗಿ ನಾಲ್ಕು ಊರು ತಿರುಗುತ್ತಿದ್ದಾನೆ.

ಉತಾರ ಕೈಗೆ ಬಂದ ದಿನ ಅತ್ತೆ ಹೊಸ್ತಿಲಾಚೆ ನಿಂತು, ನನ್ನ ಹೆಂಡತಿಯಿಂದ ಎರಡೂ ಹೆಸರು ಓದಿಸಿಕೊಂಡಳು. ಆಮೇಲೆ ಒಳಗೆ ಬಂದು ಗೋಡೆಯ ಮೇಲೆ ಅಂಗೈ ಇಟ್ಟಳು.

"ನಮ್ಮ ಯಜಮಾನ್ರೂ ಬಾಂಡಿನ ಮ್ಯಾಲೇ ಮನಿ ತಗೊಂಡಿದ್ರು. ಅವರು ತೀರಿಕೊಂಡ ಒಂದ ತಿಂಗಳಿಗೆ, ಮಾರಿದವನ ಮಕ್ಕಳು ನನ್ನ ಹೊರಗ ಹಾಕಿದ್ರು. ಆ ಮನಿದು ಇದೊಂದ ಉಳದೈತಿ ನೋಡು."

ಬಗಲಲ್ಲಿದ್ದ ಮಣೆಯನ್ನು ನಮ್ಮ ಒಲೆಯ ಪಕ್ಕಕ್ಕೆ ಇಟ್ಟು, ಅದರ ಮೇಲೆ ಕುಳಿತು, ಚಹಾ ಕೇಳಿದಳು.

ನಿಮಗೆ ಹೇಳುವುದಿಷ್ಟೇ: ಬಾಂಡಿನ ಮೇಲೆ ಮನೆ ಕೊಂಡಿದ್ದರೆ, ಮಾರಿದವರು ಬದುಕಿರುವಾಗಲೇ ಗಾಡಿ ಮಾಡಿ ಕರೆದೊಯ್ದು ರಜಿಸ್ಟ್ರಿ ಮಾಡಿಸಿ. ಅಲ್ಲಿಗೇ ನಿಲ್ಲಿಸದೆ ಉತಾರವನ್ನೂ ನಿಮ್ಮ ಹೆಸರಿಗೆ ತನ್ನಿ. ಹೆಂಡತಿಯ ಹೆಸರು ಮರೆಯಬೇಡಿ. ಸೋಮಾರಿತನವಿದ್ದರೆ ಹೇಳಿ, ಅತ್ತೆಯನ್ನು ನಿಮ್ಮ ಬಾಗಿಲಿಗೆ ಕಳಿಸುತ್ತೇನೆ. ಮಣೆ ಮಾತ್ರ ನೀವೇ ಹೊಂದಿಸಿಕೊಳ್ಳಬೇಕು. ಅದು ನಮ್ಮ ಒಲೆಯ ಪಕ್ಕದಿಂದ ಇನ್ನು ಏಳುವುದಿಲ್ಲ.