ಅಜ್ಜಿ ಸಲುವಾಗಿ ಎರಡು ಮನಿ ಜಗ್ಗಾಟ

ಮಂದಿ ಮನ್ಯಾಗ ಆಸ್ತಿಗೆ ಜಗಳಾ ಆಗ್ತಾವ. ನಮ್ಮಲ್ಲಿ ಅಜ್ಜಿ ಸಲುವಾಗಿ ಆಗ್ತಾವ, ಅದೂ ಹಬ್ಬದಂಗ ತಪ್ಪದ.

೧. ಹಮಾಲಿ

ಆಧಾರ್ ಕಾರ್ಡ್ ತೋರಿಸಿದ್ರ ಹೆಣ್ಣಮಕ್ಕಳಿಗೆ ಸರ್ಕಾರಿ ಬಸ್ ಪುಕ್ಕಟ ಆದಾಗಿಂದ ಅಜ್ಜಿಗೆ ಪುರುಸೊತ್ತಿಲ್ಲ. ಇಂಡಿ ಲಿಂಬಿಕಾಯಿ, ಬಾಗೇವಾಡಿ ಕಾಕಾನ ಮನಿ ಬೆಣ್ಣಿ, ಎಲ್ಲಾ ಆಕಿ ಚೀಲದಾಗ ಮುದ್ದೇಬಿಹಾಳದ ನಮ್ಮ ಮನಿಗೆ ಬರ್ತಾವ. ಒಮ್ಮೆ ಕಂಡಕ್ಟರ್ ಚೀಲಾ ಎತ್ತಿ ನೋಡಿ, "ಅಜ್ಜಿ, ಪುಕ್ಕಟ ನಿಮಗರಿ, ಚೀಲಕ್ಕಲ್ಲ" ಅಂದ.

"ತಮ್ಮಾ, ಇದನ್ನ ಹೊರಾಕಿ ನಾನ. ನೀನ ನನಗ ಹಮಾಲಿ ಕೊಡಬೇಕು."

೨. ಹಿಟ್ಟಿನ ಡಬ್ಬಿ

ಸಿಂದಗಿ ಅತ್ತಿ ಮಗಳಿಗೆ ಹೆರಿಗಿ ಆತು. ಅತ್ತಿ ಬಂದು, "ಅವ್ವಾ, ಬಾಣಂತನ ನನ್ನ ಒಬ್ಬಾಕಿ ಕೈಲೆ ನೀಗೂದಿಲ್ಲ, ಮೂರು ತಿಂಗಳ ಬಾ" ಅಂದ್ಲು. ನಮ್ಮವ್ವನ ಮಾರಿ ಇಳೀತು. ಆಕಿ ಈಗಷ್ಟ ಸಾಲಿ ಅಡಗಿ ಕೆಲಸಕ್ಕ ಸೇರಿದ್ಲು. ಅಜ್ಜಿ ಹೋದ್ರ ನನ್ನ ಸಣ್ಣ ತಂಗೀನ ಹಿಡಿಯೋರಿಲ್ಲ, ಕೆಲಸಾ ಬಿಡಬೇಕು. ಒಂಬತ್ತನೇ ಇಯತ್ತೆಗೆ ಸಾಲಿ ಬಿಟ್ಟು ಖಾಲಿ ಕುಂತ ನಾನು ಯಾರಿಗೂ ನೆನಪಾಗಲಿಲ್ಲ. ನಾನೂ ನೆನಪ ಮಾಡಲಿಲ್ಲ.

"ಕರಕೊಂಡ ಹೋಗ್ರಿ, ನಿಮ್ಮವ್ವ" ಅಂದ್ಲು ಅವ್ವ. ಉಳ್ಳಾಗಡ್ಡಿ ಮಾತ್ರ ಸಿಟ್ಟಿಲೆ ಹೆಚ್ಚಾಕತ್ತಿದ್ಲು.

ನಾ ಸುಮ್ಮನ ಅಜ್ಜಿ ಆಧಾರ್ ಕಾರ್ಡ್ ಹಿಟ್ಟಿನ ಡಬ್ಬ್ಯಾಗ ಹುಗದೆ. ಮುಂಜಾನಿ ಕಾರ್ಡ್ ಸಿಗವಲ್ದು.

"ತಿಕೀಟ ನಾ ತಗಸ್ತೇನಿ ಬಾ" ಅಂದ್ಲು ಅತ್ತಿ.

"ಪುಕ್ಕಟ ಬಸ್ಸಿಗೆ ರೊಕ್ಕ ಕೊಟ್ರ ನನಗ ನಿದ್ದಿ ಹತ್ತೂದಿಲ್ಲ."

ಬಸ್ ಹೋತು, ಅತ್ತಿ ಮುಂದಿನ ಬಸ್ಸಿನ ಹಾದಿ ಕಾಯ್ಕೋತ ಕುಂತ್ಲು. ಅಜ್ಜಿ ರೊಟ್ಟಿ ಬಡಿಯಾಕ ಕುಂತು ಡಬ್ಬ್ಯಾಗ ಕೈ ಹಾಕಿದ್ಲು. ಕಾರ್ಡ್ ತಗದು, ಫೋಟೋ ನೋಡಿ, "ಪೌಡರ್ ಹಚ್ಚಿದ್ರ ಚಂದ ಕಾಣ್ತೇನಲ್ಲ!" ಅಂದ್ಲು.

೩. ತವರಿನವರು

ಆಮ್ಯಾಲ ನನ್ನ ಕಿವಿ ಹಿಡದ್ಲು. "ಸೊಸಿ ಕೆಲಸಾನೂ ಉಳೀಬೇಕು, ಮಗಳ ಮನೀನೂ ನಡೀಬೇಕು. ಸಾಲಿ ಇಲ್ಲ, ದಗದ ಇಲ್ಲ, ಈ ಕಳ್ಳನ್ನ ಕರಕೊಂಡ ಹೋಗವ್ವಾ" ಅಂತ ನನ್ನ ಅತ್ತಿ ಕೈಯಾಗ ಕೊಟ್ಲು.

ಸಿಂದಗ್ಯಾಗ ನೀರ ಕಾಸಿದೆ, ಕೂಸಿನ ಅರಿವಿ ಒಗದೆ, ತೊಟ್ಲಾ ತೂಗಿದೆ. ಒಂದಿನ ಬಾಜೂ ಮನಿ ಅವ್ವಾರು ಕೂಸಿನ ನೋಡಾಕ ಬಂದ್ರು.

"ಬಾಣಂತನಕ್ಕ ನಿಮ್ಮ ತವರಿಂದ ಯಾರ ಬಂದಾರವ್ವಾ?"

ಅತ್ತಿ ನನ್ನ ಕಡೆ ಬೆರಳ ಮಾಡಿದ್ಲು. ಈಗ ಓಣಿ ತುಂಬಾ ನಗ್ತಾರಂತ ಚಿಗುರು ಮೀಸಿ ಮುಚ್ಚಿಕೊಂಡು ನಿಂತೆ. ಅವ್ವಾರು ನಗಲಿಲ್ಲ. ಹಗ್ಗದ ಮ್ಯಾಲಿನ ಬೆಳ್ಳನ್ನ ಅರಿವಿ ಮುಟ್ಟಿ ಮುಟ್ಟಿ ನೋಡಿದ್ರು.

"ನಮ್ಮ ಸೊಸಿಗೂ ಮುಂದಿನ ತಿಂಗಳ ದಿನಾ ತುಂಬ್ತಾವ. ಇವನ್ನ ಕಳಸ್ತೀಯೇನವ್ವಾ?"

ಅತ್ತಿ ಹಳಹಳಿಸಿ ಅಂದ್ಲು: "ತಡಾ ಮಾಡಿದ್ರೆಲ್ರಿ! ಇಂಡಿ ನೆಗೆಣ್ಣಿಗೆ ನಿನ್ನೆನ ಮಾತ ಕೊಟ್ಟೇನಿ."