ಕಿತ್ತಳೆ ಅಂಗಿಯ ವೀರನೂ ಫ್ಯಾನಿನ ಮಹಾಸಮರವೂ

ಮನುಷ್ಯರನ್ನು ಹನ್ನೊಂದು ತಿಂಗಳಿಗೆಂದು ಹಡೆದು, ವರ್ಷ ತುಂಬುವ ಮೊದಲೇ ನುಂಗಿ ನೀರು ಕುಡಿಯುವ ಎಲೈ ಗುತ್ತಿಗೆಯುಗದ ಅಧಿದೇವತೆಯೇ, ಮುಖ ನೋಡದೆ ಅಂಗಿಯ ಬಣ್ಣದಿಂದಲೇ ಭಕ್ತರನ್ನು ಗುರುತಿಸುವವಳೇ, ಈ ಕಥೆಯ ನಾಲಗೆಗೆ ಬಲ ಕೊಡು! ಹಿಂದಿನ ಯುಗಗಳಲ್ಲಿ ಎಲ್ಲರಿಗೂ ಕಾಯಂ ಕೆಲಸವಿತ್ತು. ಸಾರಥಿ ಸಾಯುವವರೆಗೆ ಸಾರಥಿ; ದ್ವಾರಪಾಲಕನಂತೂ ಕಲ್ಲಾದ ಮೇಲೂ ದ್ವಾರಪಾಲಕ. ಈ ಯುಗದ ಧರ್ಮ ಬೇರೆ.

ಹುಬ್ಬಳ್ಳಿ ಧಾರವಾಡದ ಹೆದ್ದಾರಿಯ ಬದಿಯಲ್ಲಿ, ಪ್ಲಾಸ್ಟಿಕ್ ಕರಗಿಸಿ ಕಾರಿನ ಬಂಪರು ಮಾಡುವ ಅಗ್ನಿಗರ್ಭ ಕಾರ್ಖಾನೆಯೊಂದಿತ್ತು. ಅಲ್ಲಿ ಬೆವರು ಸುರಿಸುವವರಲ್ಲಿ ಹೆಚ್ಚಿನವರು ಆ ಕಾರ್ಖಾನೆಯ ನೌಕರರೇ ಅಲ್ಲ. ಬಲಗಡೆಯ ಯಂತ್ರದಲ್ಲಿ ದುಡಿಯುವವರು ವಜ್ರಬಾಹು ಮ್ಯಾನ್‌ಪವರ್ ಎಂಬ ಏಜೆನ್ಸಿಯ ಆಳುಗಳು. ಅವರಿಗೆ ಕಿತ್ತಳೆ ಅಂಗಿ. ಎಡಗಡೆಯವರು ಸಿರಿಸಮೃದ್ಧಿ ಸ್ಟಾಫಿಂಗ್‌ನವರು, ಅವರಿಗೆ ಹಸಿರು. ನಡುವೆ ಒಂದೇ ಒಂದು ಫ್ಯಾನು: ಧೂಳಿಧೂಸರಪಕ್ಷತ್ರಯ, ನಿಶ್ಚಲಗ್ರೀವ. ಅತ್ತಿತ್ತ ತಿರುಗುವ ಗುಣವನ್ನು ಅದು ಎಂದೋ ತ್ಯಜಿಸಿತ್ತು. ಯಾರ ಕಡೆ ಮುಖವೋ ಅವರಿಗೇ ಗಾಳಿ.

ಕಿತ್ತಳೆ ಸೇನೆಯ ಮುಕುಟಮಣಿ, ಸ್ವೇದಧಾರಾಭಿಷಿಕ್ತ, ತಪ್ತಯಂತ್ರಸಹಚರ, ಶಿರಹಟ್ಟಿ ಕಡೆಯ ಫಕ್ಕೀರೇಶ. ಗುತ್ತಿಗೆಗೆ ಅವನು ಹೊಸಬ, ಮೊದಲ ಹನ್ನೊಂದು ತಿಂಗಳೇ ಇನ್ನೂ ಮುಗಿದಿರಲಿಲ್ಲ. ಲಕ್ಷ್ಮೇಶ್ವರದ ಸೋದರಮಾವ ಮಗಳನ್ನು ಕೊಡುವ ಮಾತಿಗೆ, "ಮೊದಲ ಕಾಯಂ ಆಗಿ ಬಾ, ಆಮ್ಯಾಲ ಅಕ್ಷತಿ" ಎಂದಿದ್ದ. ಅಂದಿನಿಂದ ಕಾಯಂ ಎಂಬ ಆ ಎರಡಕ್ಷರವೇ ಫಕ್ಕೀರೇಶನ ಮಂತ್ರ.

ಏಜೆನ್ಸಿಯ ಸೂಪರ್‌ವೈಸರ್ ಹೊಂಬಳನಿಗೆ ಆ ಮಂತ್ರದ ಬೆಲೆ ಗೊತ್ತಿತ್ತು. "ನಮ್ಮ ಫ್ಯಾನು ಹಸಿರಿನವ್ರ ಕಡೆ ತಿರುಗಿದ್ರ ವಜ್ರಬಾಹುವಿನ ಮಾನ ಏನ್ ಉಳೀತು? ನೀ ಗಟ್ಟಿ ನಿಲ್ಲಪಾ. ಕಾಯಂ ಮಾಡೂ ಮಾತು ಬಂದಾಗ ನಿನ್ನ ಹೆಸರು ಸಾಹೇಬ್ರ ಕಿವಿಗೆ ಹಾಕ್ತೀನಿ" ಎಂದ. ಫಕ್ಕೀರೇಶನ ಎದೆ ಹಿಗ್ಗಿತು. ಊಟ ಮುಗಿಸಿ ಬಂದು ನೋಡಿದರೆ ಫ್ಯಾನಿನ ಮುಖ ಎಡಕ್ಕೆ! ಅದರ ಮುಂದೆ ಅಂಗಿ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು, ಸುಖದಲ್ಲಿ ಕಣ್ಣು ಮುಚ್ಚಿ ನಿಂತಿದ್ದಾನೆ ಹಸಿರು ಪಡೆಯ ಕಲ್ಮೇಶ.

"ಲೇ ಕಲ್ಮೇಶಾ!" ಯಂತ್ರದ ಸದ್ದನ್ನೂ ಮೀರಿ ಗುಡುಗಿದ ಫಕ್ಕೀರೇಶ. "ಈ ಫ್ಯಾನಿನ ಮ್ಯಾಲ ಏನ್ ಬರದೈತಿ ಓದು. ವಜ್ರಬಾಹು! ಈ ದೇಹದಾಗ ಉಸಿರಿರೂ ತನಕಾ ವಜ್ರಬಾಹುವಿನ ಗಾಳಿ ಹಸಿರಂಗಿ ಮುಟ್ಟಂಗಿಲ್ಲ!"

ಕಲ್ಮೇಶ ಅಂಗಿ ತೊಟ್ಟುಕೊಂಡು, ಸಾವಕಾಶವಾಗಿ ಗುಂಡಿ ಹಾಕಿಕೊಂಡ. "ಅಬಬಬಾ! ಫ್ಯಾನು ಏಜೆನ್ಸೀದು, ಕರೆಂಟು ಕಂಪನೀದು, ಗಾಳಿ ದೇವರದು. ನಿಂದೇನೈತ್ಯೋ ಮಗನ, ಬೆವರಷ್ಟ!"

"ನಾ ಕಾಯಂ ಆಗಾಂವ ಅದೇನಿ. ನಿನ್ನಂಗ ಹನ್ನೊಂದು ತಿಂಗಳದ ಗಿರಾಕಿ ಅಲ್ಲ!"

"ಹೌದೇನಪಾ? ಹಂಗಾರ ಕಾಯಂ ಆದ ಮ್ಯಾಲ ಏಸಿ ರೂಮಿಗೇ ಹೋಗು. ಫ್ಯಾನು ಇಲ್ಲೇ ಇರ್ಲಿ."

ಆಗ, ಬಂಪರುಗಳು ಸಾಲಾಗಿ ಸಾಕ್ಷಿ ನಿಂತಿರಲು, ಯಂತ್ರಗಳು ಭೇರಿಗಳಂತೆ ಮೊಳಗುತ್ತಿರಲು, ಗಾಜಿನ ಕೋಣೆಯ ಕಾಯಂ ನೌಕರರು ಚಹಾಪಾನನಿರತರಾಗಿ ಅಂತರಿಕ್ಷದ ದೇವತೆಗಳಂತೆ ಇಣುಕುತ್ತಿರಲು (ಹೂಮಳೆಯನ್ನು ಮಾತ್ರ ಯಾರೂ ಸುರಿಸಲಿಲ್ಲ), ಫಕ್ಕೀರೇಶನು ಒಂದು ಕೈಯಲ್ಲಿ ಫ್ಯಾನಿನ ಕೊರಳನ್ನೂ ಇನ್ನೊಂದರಲ್ಲಿ ಕಲ್ಮೇಶನ ಕಾಲರನ್ನೂ ಹಿಡಿದು ಸಿಂಹನಾದಗೈದು ಎಳೆದನು. ಫ್ಯಾನು ಬಲಕ್ಕೆ ತಿರುಗಿತು. ಹಸಿರು ಅಂಗಿ ಕಾಲರಿನಿಂದ ಕಂಕುಳವರೆಗೆ ಪರ್‍ರೆಂದು ಹರಿಯಿತು. ಅಷ್ಟಕ್ಕೆ ತೃಪ್ತನಾಗದೆ ವೀರನು ಕಬ್ಬಿಣದ ತಂತಿ ತಂದು, ಫ್ಯಾನಿನ ಕೊರಳನ್ನು ಕಿತ್ತಳೆಯ ಕಡೆಗೆ ಸೆಳೆದು, ಮುಂದಿನ ಯುಗದವರೆಗೂ ಬಿಚ್ಚಬಾರದೆಂಬಂತೆ ಬಿಗಿದು ಕಟ್ಟಿದನು. ಹರಿದ ಅಂಗಿಗೆ ಪಿನ್ನು ಚುಚ್ಚಿಕೊಳ್ಳುತ್ತ ಕಲ್ಮೇಶ ತನ್ನ ಯಂತ್ರಕ್ಕೆ ಮರಳಿದ. ಜಯಶಾಲಿಯ ಬೆನ್ನಿಗೆ ಸಂಜೆಯವರೆಗೂ ತಂಗಾಳಿ.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಹೊಂಬಳ, ಆಳುಗಳಿಂದ ಬಿಚ್ಚಿಸಿದ ಅಂಗಿಗಳ ಎರಡು ಚೀಲ ಇಟ್ಟುಕೊಂಡು ಕೂತಿದ್ದ. ಆಳು ವರ್ಷ ತುಂಬಿಸಿದರೆ ಹಕ್ಕು ಕೇಳಿಯಾನು ಎಂಬ ಭಯಕ್ಕೆ, ಹನ್ನೊಂದು ತಿಂಗಳಾದೊಡನೆ ಈ ಸೇನೆಯನ್ನು ಅಲ್ಲಿಗೂ ಆ ಸೇನೆಯನ್ನು ಇಲ್ಲಿಗೂ ಅದಲುಬದಲು ಮಾಡುವುದು ಈ ಯುಗದ ರಾಜನೀತಿ. ಎರಡು ಏಜೆನ್ಸಿಗಳೂ ಒಬ್ಬನೇ ಮಾಲೀಕನವು.

"ಕಿತ್ತಳಿ ಬಿಚ್ಚು, ಹಸಿರು ಹಾಕ್ಕೋ" ಎಂದ ಹೊಂಬಳ.

"ಸರ್, ಕಾಯಂ ಅಂದಿದ್ರಿ..."

"ಕಾಯಂ ಅಲ್ಲೇನ್ ಮತ್ತ? ಅದ ಗೇಟು, ಅದ ಶಿಫ್ಟು, ಅದ ಪಗಾರ. ಬಣ್ಣ ಅಷ್ಟ ಬ್ಯಾರೆ. ಲಗೂ ನಡಿ, ಹಿಂದ ಮಂದಿ ನಿಂತಾರ."

ಫಕ್ಕೀರೇಶನ ಅಳತೆಗೆ ಚೀಲದಲ್ಲಿ ಉಳಿದದ್ದು ಒಂದೇ ಅಂಗಿ. ತೊಟ್ಟುಕೊಂಡು ಎಡಗಡೆಯ ಯಂತ್ರದ ಮುಂದೆ ನಿಂತ. ಕಾವು ಮುಖಕ್ಕೆ ರಾಚಿತು. ಆಚೆ ಬದಿಯಲ್ಲಿ ಕಿತ್ತಳೆ ಅಂಗಿಯ ಕಲ್ಮೇಶ ಗಾಳಿಗೆ ಬೆನ್ನೊಡ್ಡಿ, ತಂತಿಯನ್ನು ಎಳೆದು ನೋಡುತ್ತಿದ್ದ.

"ಭಾಳ ಗಟ್ಟಿ ಕಟ್ಟೀಯಲೋ ಫಕ್ಕೀರೇಶಾ. ಇಕ್ಕಳದಿಂದೂ ಬಿಚ್ಚವಲ್ದು."

ಫಕ್ಕೀರೇಶ, ಕಾಲರಿನಿಂದ ಕಂಕುಳವರೆಗೆ ಬಾಯಿ ತೆರೆದಿದ್ದ ತನ್ನ ಅಂಗಿಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದೇ ಬಂಪರು ಎತ್ತಲು ನೋಡಿದ. ಆಗಲಿಲ್ಲ.

"ಕಲ್ಮೇಶಾ," ಎಂದ ಕೊನೆಗೆ, "ನಿನ್ನೀದು ಆ ಪಿನ್ನೈತೇನೋ?"