ಆರರಿಂದ ಭಾಗಿಸಿದ ಸಾರು

ಬಾಣಸವಾಡಿಯ ಮುನಿಆಂಜನಪ್ಪನವರಿಗೆ ಹೆಂಡತಿಯ ಮೇಲೆ ಇದ್ದ ದೂರು ಒಂದೇ. ಆಂಜನಮ್ಮನವರ ಅಡುಗೆಗೆ ರುಚಿಯಿತ್ತು, ಅಳತೆ ಇರಲಿಲ್ಲ. ಬೇಳೆ ಎಷ್ಟು ಅಂದರೆ ‘ಒಂದು ಬೊಗಸೆ’, ಎಣ್ಣೆ ಎಷ್ಟು ಅಂದರೆ ‘ಒಗ್ಗರಣೆಗೆ ಆಗೋವಷ್ಟು’, ಎಷ್ಟು ಜನಕ್ಕೆ ಅಂದರೆ ‘ಬಂದೋರಿಗೆ’. ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ನಟ್ಟು ಬೋಲ್ಟು ಎಣಿಸಿ ಕೊಟ್ಟು ತಲೆ ನರೆಸಿಕೊಂಡ ಮನುಷ್ಯ ಇದನ್ನು ಹೇಗೆ ಸಹಿಸಿಯಾರು? ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂಬ ಮೂರು ಪ್ರಶ್ನೆಗಳ ಮೇಲೆ ಅವರ ಸರ್ವೀಸೆಲ್ಲ ನಡೆದಿತ್ತು. (ಮನೆಯಲ್ಲಿ ಮೂರನೆಯ ಪ್ರಶ್ನೆ ಕೇಳುವುದನ್ನು ಮರೆತರು. ಆದ ಅವಾಂತರವೆಲ್ಲ ಅದರಿಂದಲೇ.)

ಆಂಜನಮ್ಮನವರ ಮಂಡಿ ಸವೆದುಹೋಗಿತ್ತು. ಮಹಡಿ ಹತ್ತುವುದಿರಲಿ, ದೇವಸ್ಥಾನದ ಮೆಟ್ಟಿಲ ಕೆಳಗೇ ನಿಂತು ಕೈ ಮುಗಿದು ಬರುತ್ತಿದ್ದರು, ಪಾಪ. ಹಲಸೂರಿನ ಡಾಕ್ಟರಮ್ಮ ಆಪರೇಷನ್ ಆಗಲೇಬೇಕು ಅಂದರು. ಆದರೆ ಅದಕ್ಕೆ ಮೊದಲು ಎಂಟು ಕೆಜಿ ಇಳಿಯಬೇಕು, ಇಳಿಯದೆ ತಾನು ಕೈ ಹಾಕುವುದಿಲ್ಲ ಎಂದು ಕ್ಯಾಲೊರಿಯ ಪಟ್ಟಿಯೊಂದನ್ನು ಕೊಟ್ಟು ಕಳಿಸಿದರು. ಅದರಲ್ಲಿ ಬ್ರೆಡ್ಡಿತ್ತು, ಕಾರ್ನ್‌ಫ್ಲೇಕ್ಸ್ ಇತ್ತು. ಬಸ್ಸಾರು, ಉಪ್ಪೆಸರು, ಹಿತಕಿದ ಬೇಳೆ ಸಾರಿನ ಸುದ್ದಿಯೇ ಇರಲಿಲ್ಲ. ಮುನಿಆಂಜನಪ್ಪ ಫೋನು ಮಾಡಿ ಕೇಳಿದ್ದಕ್ಕೆ, ಪಾತ್ರೆಗೆ ಹಾಕಿದ್ದರ ಕ್ಯಾಲೊರಿಯನ್ನೆಲ್ಲ ಕೂಡಿಸಿ, ಎಷ್ಟು ಪಾಲೋ ಅಷ್ಟರಿಂದ ಭಾಗಿಸಿ, ಅವರು ಒಂದೇ ಪಾಲು ಉಣ್ಣಲಿ ಅಂದರು ಡಾಕ್ಟರಮ್ಮ.

ಭಾಗಿಸಿ ಅಂದದ್ದೇ ತಡ, ನಿವೃತ್ತಿಯಾದಾಗಿನಿಂದ ಮಂಕಾಗಿದ್ದ ಮುಖಕ್ಕೆ ಕಳೆ ಬಂತು. ಅಂದೇ ಶಿವಾಜಿನಗರಕ್ಕೆ ಹೋಗಿ ಅಕ್ತರ್ ಸಾಬರ ಅಂಗಡಿಯಿಂದ ಹಿತ್ತಾಳೆ ತಟ್ಟೆಯ ತಕ್ಕಡಿ, ತೂಕದ ಬಟ್ಟುಗಳನ್ನು ತಂದರು. ಚಿನ್ನದಂಗಡಿ ಇಡ್ತೀರಾ ಎಂದು ಅಕ್ತರ್ ಸಾಬರು ಕೇಳಿದ್ದಕ್ಕೆ, ಇಲ್ಲ, ಮುದ್ದೆ ತೂಗ್ತೀನಿ ಅಂದು ಗಂಭೀರವಾಗಿ ಎದ್ದು ಬಂದರು.

ಮರುದಿನದಿಂದ ಅಡುಗೆಮನೆಯಲ್ಲಿ ಸ್ಟೋರ್ಸ್ ತೆರೆಯಿತು. ಮನೆಯಲ್ಲಿ ಗಂಡ ಹೆಂಡತಿ, ದೊಡ್ಡ ಮಗ ಆನಂದ್, ಸೊಸೆ ಹಂಸ, ಮೊಮ್ಮಗಳು ಯಮುನಾ, ಚಿಕ್ಕ ಮಗ ಸುನಿಲ್, ಒಟ್ಟು ಆರು ಜನ. ಆದ್ದರಿಂದ ಪಾತ್ರೆಯಲ್ಲಿ ಏನೇ ಬೆಂದರೂ ಸರಿಸಮ ಆರು ಪಾಲು. ಮುದ್ದೆ ತಿರುವುವ ಹಿಟ್ಟಿನ ಕೋಲು ಹಿಡಿದು ನಿಂತಿದ್ದ ಆಂಜನಮ್ಮ ತಕ್ಕಡಿಯಲ್ಲಿ ಕೂತ ಮುದ್ದೆಯನ್ನು ನೋಡಿದರು.

“ಆನಂದಂಗೂ ಯಮುನಾಗೂ ಒಂದೇ ಸೈಜಾ? ಅದು ಯುಕೆಜಿ ಮಗು ರೀ.”

“ಪಾಲು ಅಂದ್ಮೇಲೆ ಸಮ ಇರ್ಬೇಕು ಕಣೇ. ಹೊಟ್ಟೆಗೊಂದೊಂದು ಅಳತೆ ಇಟ್ರೆ ಭಾಗಾಕಾರ ಕೆಟ್ಟೋಗುತ್ತೆ.”

ಭಾಗಾಕಾರ ಕೆಡಬಾರದು ಅಂತ ಮಗುವಿನ ತಟ್ಟೆಗೆ ಮಗುವಿನ ತಲೆಯಷ್ಟೇ ದೊಡ್ಡ ಮುದ್ದೆ ಬಿತ್ತು. ಇಷ್ಟು ವರ್ಷ ಆಂಜನಮ್ಮನವರ ಸೌಟಿಗೆ ಯಾರ ಹೊಟ್ಟೆ ಎಷ್ಟು ಅನ್ನುವುದು ಗೊತ್ತಿತ್ತು. ಆ ಸೌಟನ್ನು ಈಗ ಯಾರು ಕೇಳುತ್ತಾರೆ? ಆಕೆಯ ಪಾಲನ್ನು ಬೇರೆ ತಟ್ಟೆಯಲ್ಲಿ ಮುಚ್ಚಿಟ್ಟು, ಎಲ್ಲರದೂ ಆದ ಮೇಲೆ ಎಂದಿನಂತೆ ಅಡುಗೆಮನೆಯಲ್ಲೇ ಕೂತು ಉಂಡರಾಯಿತು ಎಂದು ತೀರ್ಮಾನವಾಯಿತು. ಹೆಂಡತಿಗೆ ಮೇಲ್ಪಂಕ್ತಿಯಾಗಲೆಂದು ಮುನಿಆಂಜನಪ್ಪನವರು ದಿನಾ ತಮ್ಮ ಮುದ್ದೆಯಲ್ಲಿ ಒಂದಿಷ್ಟು ಮುರಿದು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದರು. ಸಂಯಮ ಅಂದರೆ ಹೀಗಿರಬೇಕು ಎಂದು ಸೊಸೆಯ ಕಿವಿಗೆ ಬೀಳುವಂತೆ ಹೇಳುವುದೂ ಇತ್ತು.

ತಿಂಗಳಾಯಿತು. ಡಾಕ್ಟರಮ್ಮನ ಕೋಣೆಯಲ್ಲಿ ಆಂಜನಮ್ಮ ಮಿಷಿನ್ ಮೇಲೆ ನಿಂತರು. ತೂಕ ಇಳಿಯುವುದಿರಲಿ, ಒಂದೂವರೆ ಕೆಜಿ ಏರಿತ್ತು. ಜೊತೆಗೆ ಹೋದ ಯಜಮಾನರು ಸುಮ್ಮನೆ ಹತ್ತಿ ನೋಡಿದರೆ, ಅವರದು ಎರಡು ಕೆಜಿ ಇಳಿದಿತ್ತು.

ಎಷ್ಟು ಊಟ ಮಾಡ್ತಿದ್ದೀರಿ ಎಂದು ಡಾಕ್ಟರಮ್ಮ ಕೇಳಿದರು. ಆಂಜನಮ್ಮ ತಲೆ ತಗ್ಗಿಸಿ, “ಒಂದೇ ಪಾಲು ಡಾಕ್ಟ್ರೇ, ತೂಕ ಹಾಕಿದ್ದೇ,” ಅಂದರು.

ಡಾಕ್ಟರಮ್ಮ ಗಂಡನ ಕಡೆ ನೋಡಿದರು. ಮುನಿಆಂಜನಪ್ಪನವರಿಗೆ ತಮ್ಮ ತಕ್ಕಡಿಯ ಮಾನ ಮುಖ್ಯವಾಯಿತು.

“ಪಾಲು ನಾನೇ ಹಾಕೋದು, ಅದ್ರಲ್ಲಿ ತಪ್ಪಿಲ್ಲ. ಆಮೇಲೆ ಒಳಗೆ ಡಬ್ಬದ ಮುಚ್ಚಳ ಸದ್ದಾಗುತ್ತೆ. ನಾನೇನೂ ಹೇಳಲ್ಲ.”

ಕಟ್ಟಿಕೊಂಡ ಗಂಡ ಹೊರಗಿನವರ ಮುಂದೆ ಕಳ್ಳಿ ಅಂದರೆ ಎಂಥವರಿಗೂ ಮನಸ್ಸು ನೋಯುತ್ತದೆ. ಆಂಜನಮ್ಮ ಆಟೋದಲ್ಲಿ ಕೆರೆ ಕಡೆ ಮುಖ ತಿರುಗಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮನೆಗೆ ಬಂದು, ಮಂಡಿ ಹಿಡಿದು ಕೂತು, ಸಮಾಧಾನವಾಗಿಯೇ ಹೇಳಿದರು.

“ನಾಳೆಯಿಂದ ನಾನು ಎಲ್ಲಾರ ಜೊತೆ ಕೂತು ಉಣ್ತೀನಿ. ನೀವು ಬಡಿಸಿ, ಕೊನೇಲಿ ಉಣ್ಣಿ. ಅಡುಗೆಮನೆ ಬಾಗ್ಲು ನಿಮ್ದೇ.”

ಕಳ್ಳತನ ತಾನಾಗಿಯೇ ನಿಂತಿತು ಎಂದು ಮುನಿಆಂಜನಪ್ಪ ಖುಷಿಯಿಂದ ಒಪ್ಪಿದರು.

ಮೊದಲನೇ ದಿನವೇ ಯಮುನಾ ಮುದ್ದೆಯ ಒಂದು ಮೂಲೆ ಕಚ್ಚಿ ಸಾಕು ತಾತ ಎಂದು ಎದ್ದಳು. ಹಂಸ ಕೈ ಹಾಕುವ ಮೊದಲೇ ಅರ್ಧ ಮುರಿದು ಪಾತ್ರೆಗೆ ವಾಪಸ್ ಹಾಕಿದಳು. ಸುನಿಲ್ ಫೋನು ಮಾಡಿ ಕಮ್ಮನಹಳ್ಳಿಯಲ್ಲಿ ಫ್ರೆಂಡ್ಸ್ ಜೊತೆ ತಿಂದಾಯ್ತು ಅಂದ. ಆನಂದ್ ಕಾಳು ಆರಿಸಿಕೊಂಡು ಸಾರು ಬಿಟ್ಟ. ಎಲ್ಲರೂ ಕೈ ತೊಳೆದರು. ತಮ್ಮ ಒಂದು ಪಾಲನ್ನು ಉಂಡು ಮುಗಿಸಿದ ಮುನಿಆಂಜನಪ್ಪನವರ ಮುಂದೆ ಹತ್ತಿರ ಹತ್ತಿರ ಎರಡೂವರೆ ಪಾಲು ಕೂತಿತ್ತು.

“ಇದನ್ನೇನ್ ಮಾಡೋದೇ?” ಎಂದು ಕೇಳಿದರು.

“ಮುಂಚೆ ಎಮ್ಮೆ ಇತ್ತು, ಕಲಗಚ್ಚಿಗೆ ಹಾಕ್ತಿದ್ದೆ,” ಅಂದರು ಆಂಜನಮ್ಮ ನಡುಮನೆಯಿಂದ. “ಕೊಟ್ಟಿಗೆ ಕೆಡವಿ ಬಾಡಿಗೆ ಮನೆ ಕಟ್ಟಿಸಿದ್ರಲ್ಲ. ಎಮ್ಮೆ ಪಾಲು ಆಮೇಲೆ ಯಾರಿಗೆ ಹೋಯ್ತು ಅಂತ ಕೇಳಿದ್ರಾ?”

ಮುನಿಆಂಜನಪ್ಪ ಸೌಟು ಹಿಡಿದುಕೊಂಡೇ ನಿಂತರು. ಫ್ರಿಜ್ಜಿನಲ್ಲಿ ಇಟ್ಟರೆ ಬೆಳಿಗ್ಗೆ ಅದನ್ನು ಉಣ್ಣುವವಳೂ ಇವಳೇ. ಚೆಲ್ಲೋಣವೆಂದರೆ ಕೈ ಬರದು. ಈಗ ಮನೆಗಳೆದ್ದಿರುವ ಜಾಗದಲ್ಲೇ ಅವರಪ್ಪ ರಾಗಿ ಬಿತ್ತುತ್ತಿದ್ದರು, ಕಣದಲ್ಲಿ ಚೆಲ್ಲಿದ ಕಾಳನ್ನು ಮಕ್ಕಳ ಕೈಲಿ ಒಂದೊಂದಾಗಿ ಆರಿಸುತ್ತಿದ್ದರು. ತಾವು ದಿನಾ ತಟ್ಟೆಯಲ್ಲಿ ಬಿಟ್ಟೆದ್ದ ಸಂಯಮವೂ ಯಾರ ಹೊಟ್ಟೆಗೆ ಹೋಯಿತೆಂದು ಆಗ ಹೊಳೆಯಿತು. ಮಿಷಿನ್ ಮೇಲೆ ತಮ್ಮ ತೂಕ ಇಳಿದದ್ದು, ಆಕೆಯ ತೂಕ ಏರಿದ್ದು ನೆನಪಾಗಿ ಕಿವಿ ಬಿಸಿಯಾಯಿತು. ಇಂಥ ಮಾತನ್ನು ಅವಳು ಡಾಕ್ಟರ ಮುಂದೆ ಹೇಗೆ ತಾನೇ ಹೇಳಿಯಾಳು? ಬೇರೆ ದಾರಿ ಕಾಣದೆ ನೆಲದ ಮೇಲೆ ಕೂತು ಉಳಿದದ್ದನ್ನೆಲ್ಲ ಉಂಡರು.

ಪಾಲು ಬದಲಿಸಬಹುದಿತ್ತು, ನಿಜ. ಆದರೆ ಭಾಗಾಕಾರ ತಪ್ಪು ಎಂದು ಒಪ್ಪಿಕೊಂಡರೆ ಇಡೀ ಸ್ಟೋರ್ಸ್‌ಗೇ ಅವಮಾನವಲ್ಲವೇ? ಅದಕ್ಕಿಂತ ಹೆಚ್ಚಾಗಿ, ಆಂಜನಮ್ಮ ಮೊಮ್ಮಗಳ ಪಕ್ಕ ಕೂತು, ಬಿಸಿ ಮುದ್ದೆಯನ್ನು ಬಿಸಿಯಾಗಿರುವಾಗಲೇ ನುಂಗಿ, ನಗುತ್ತಾ ಕೈ ತೊಳೆಯುವುದನ್ನು ಅವರು ಮದುವೆಯಾದ ಮೇಲೆ ನೋಡುತ್ತಿದ್ದದ್ದು ಅದೇ ಮೊದಲು. ಅದನ್ನು ಕೆಡಿಸಲು ಮನಸ್ಸಾಗಲಿಲ್ಲ. ಹೀಗೆ ಮಾನಕ್ಕೆ ಅರ್ಧ, ಮಮತೆಗೆ ಅರ್ಧ ಎಂದು ದಿನಾ ಎಮ್ಮೆ ಪಾಲು ಉಂಡರು. ಪ್ಯಾಂಟಿನ ಗುಂಡಿ ಹಾಕಲು ಉಸಿರು ಬಿಗಿ ಹಿಡಿಯಬೇಕಾಯಿತು.

ಮುಂದಿನ ಸಲ ಆಂಜನಮ್ಮನವರ ತೂಕ ಮೂರು ಕೆಜಿ ಇಳಿದಿತ್ತು. ಡಾಕ್ಟರಮ್ಮ ಖುಷಿಯಾಗಿ, ಹೀಗೇ ಆದರೆ ಯುಗಾದಿಯೊಳಗೆ ಆಪರೇಷನ್ ಮುಗಿಸಿಬಿಡೋಣ ಅಂದರು. ಆಮೇಲೆ ಯಜಮಾನರ ಹೊಟ್ಟೆ ನೋಡಿ, ನೀವೂ ಹತ್ತಿ ಅಂದರು. ಬೇಡ ಅನ್ನುವ ಹಾಗಿರಲಿಲ್ಲ. ಮುಳ್ಳು ಓಡಿದ ಓಟಕ್ಕೆ ಡಾಕ್ಟರಮ್ಮ ಹುಬ್ಬೇರಿಸಿ, ಬಿಪಿಯನ್ನೂ ನೋಡಿ, ಹೊಸ ಪಟ್ಟಿಯೊಂದನ್ನು ಎಳೆದುಕೊಂಡು ಅವರ ಹೆಸರು ಬರೆದರು. ಎಷ್ಟು ಊಟ ಮಾಡ್ತಿದ್ದೀರಿ ಎಂದು ಕೇಳಿದರು.

ಮುನಿಆಂಜನಪ್ಪ ಬಾಯಿ ತೆರೆದರು. ಮೊಮ್ಮಗಳು ಕಚ್ಚಿ ಬಿಟ್ಟ ಮುದ್ದೆ, ಮಗ ಬಿಟ್ಟ ಸಾರು ಎಂದು ಓದಿದ ಹೆಣ್ಣುಮಗಳ ಮುಂದೆ ಹೇಳುವುದಾದರೂ ಹೇಗೆ? ತಲೆ ತಗ್ಗಿಸಿದರು.

“ಒಂದೇ ಪಾಲು ಡಾಕ್ಟ್ರೇ. ತೂಕ ಹಾಕಿದ್ದೇ.”

ಡಾಕ್ಟರಮ್ಮ ಆಂಜನಮ್ಮನ ಕಡೆ ತಿರುಗಿದರು. ಆಂಜನಮ್ಮ ಸೆರಗು ಸರಿಮಾಡಿಕೊಂಡು, ಗಂಡನ ಮುಖವನ್ನು ಒಮ್ಮೆ ಚೆನ್ನಾಗಿ ನೋಡಿದರು.

“ಪಾಲೆಲ್ಲ ಅವ್ರೇ ಹಾಕೋದು, ಅದ್ರಲ್ಲಿ ತಪ್ಪಿಲ್ಲ. ಆಮೇಲೆ ಒಳಗೆ ಡಬ್ಬದ ಮುಚ್ಚಳ ಸದ್ದಾಗುತ್ತೆ. ನಾನೇನೂ ಹೇಳಲ್ಲ.”